ತಮ್ಮನನ್ನು ಕಸಿದುಕೊಂಡ ಬಸ್ ಏಜೆಂಟರು

ಹೋದ ತಿಂಗಳು ಹಳೇಬೀಡಿನ ಬಸ್ ನಿಲ್ದಾಣದ ಎದುರು ಬಸ್ ಏಜೆಂಟರ ಫ್ಲೆಕ್ಸ್ ಕಟ್ಟಿದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಬರಹ. ಮಧ್ಯದಲ್ಲಿ ಅವರು, ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ಪಕ್ಕದಲ್ಲಿದ್ದವರ ಹೆಗಲನ್ನು ಕತ್ತರಿಸುವಷ್ಟು ಪುರುಸೊತ್ತು ಫ್ಲೆಕ್ಸಿನವನಿಗೆ ಇರಲಿಲ್ಲ. ಕೆಳಗೆ ಸಾಲಾಗಿ ಹಿತೈಷಿಗಳ ಪುಟ್ಟ ಪುಟ್ಟ ಮುಖಗಳು: ಡ್ರೈವರುಗಳು, ಕಂಡಕ್ಟರುಗಳು, ಎಳನೀರಿನವರು, ಟೀ ಅಂಗಡಿಯವರು. ಕಚೇರಿಗೆ ಹೊತ್ತಾಯಿತೆಂದು ಸುಮ್ಮನೆ ಕಣ್ಣಾಡಿಸಿ ಹೊರಟವಳು ಅಲ್ಲೇ ನಿಂತುಬಿಟ್ಟೆ. ಕೊನೆಯ ಸಾಲಿನಲ್ಲಿ ನನ್ನ ತಮ್ಮ ಆನಂದ ನಗುತ್ತಿದ್ದ.

ನನ್ನ ತಮ್ಮ ಫೋಟೋ ತೆಗೆಸಿಕೊಳ್ಳುವವನೇ ಅಲ್ಲ. ಕ್ಯಾಮೆರಾ ಕಂಡರೆ ಅವನಿಗೆ ಅನುಮಾನ. ಆಧಾರ್ ಕಾರ್ಡಿಗೆ ಅವನನ್ನು ಕೂರಿಸುವಷ್ಟರಲ್ಲಿ ನನಗೆ ಜ್ವರ ಬಂದಿತ್ತು. ಅದರಲ್ಲಿ ಅವನು ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ. ನನ್ನ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಸಿಕ್ಕಿರುವುದು ಅವನ ಒಂದು ಭುಜ ಮಾತ್ರ. ಅಂಥವನು ಇಲ್ಲಿ ತಲೆ ಬಾಚಿಕೊಂಡು, ಹಲ್ಲು ಬಿಟ್ಟುಕೊಂಡು, ಊರಿಗೆಲ್ಲ ಕಾಣುವಂತೆ ನಿಂತಿದ್ದಾನೆ. ಸತ್ತವರ ಫ್ಲೆಕ್ಸಿನ ಮುಂದೆ ನಿಂತು ಹೊಟ್ಟೆಕಿಚ್ಚಿಗೆ ಕಣ್ಣೀರು ಹಾಕಿದ ಹೆಂಗಸು ನಾನೊಬ್ಬಳೇ ಇರಬೇಕು. ‘ಪಾಪ, ಎಷ್ಟು ಅಳ್ತಾವ್ರೆ ನೋಡಿ’ ಅಂತ ಹೂವಿನವಳು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ತಿದ್ದಲು ಹೋಗಲಿಲ್ಲ.

ಆನಂದನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅರಸೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದಾಗ ಅವನ ಕಿವಿಯಲ್ಲಿ ಯಾರೋ ಮಾತಾಡಲು ಶುರುಮಾಡಿದರು. ನಮ್ಮದು ಬುದ್ಧನ ಫೋಟೋ ಇಟ್ಟುಕೊಂಡ ಮನೆ. ಮೇಷ್ಟರಾಗಿದ್ದ ಅಪ್ಪ, ದೆವ್ವ ಅಂದವರನ್ನೂ ಮಾಟ ಅಂದವರನ್ನೂ ಬಾಗಿಲಲ್ಲೇ ವಾಪಸು ಕಳಿಸಿದರು. ಹಾಗಾಗಿ ಯಂತ್ರ, ತಾಯಿತ ಯಾವುದೂ ಇಲ್ಲದೆ ಅವನು ಸೀದಾ ಆಸ್ಪತ್ರೆ ಸೇರಿದ. ಡಾಕ್ಟರು ಸ್ಕಿಜೋಫ್ರೇನಿಯಾ ಅಂದರು. ಅಪ್ಪನಿಗೆ ದೆವ್ವದ ಭಯ ಇರಲಿಲ್ಲ, ಜನರ ಭಯ ಬೇಕಾದಷ್ಟಿತ್ತು. ಹೆಸರಿಟ್ಟು ಕರೆಯುವವರ ನಡುವೆ ಕಷ್ಟಪಟ್ಟು ಓದಿ ಮೇಲೆ ಬಂದ ಮನೆ. ಈಗ ಇನ್ನೊಂದು ಹೆಸರು ಅಂಟಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಪಂಚಶೀಲ ಹೇಳಿಕೊಟ್ಟ ಅದೇ ಬಾಯಲ್ಲಿ ‘ಯಾರಿಗೂ ಹೇಳಬೇಡಿ’ ಅಂದರು. ನಮ್ಮ ಮನೆಗೆ ಅದೇ ಆರನೆಯ ಶೀಲವಾಯಿತು. ಅಪ್ಪ ಅಮ್ಮ ಹೋದ ಮೇಲೆ ಆನಂದನೂ ಈ ಆರನೆಯ ಶೀಲವೂ ಒಟ್ಟಿಗೇ ನನ್ನ ಪಾಲಿಗೆ ಬಂದವು.

ನಾನೋ, ಹುಟ್ಟಾ ಗಾಬರಿಯವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಬಸ್ಸಿನಿಂದ ಇಳಿದು ಮನೆಗೆ ಓಡಿದವಳು. ಆರಿಸಿದ್ದನ್ನು ನೋಡಿ, ಬಾಗಿಲು ಹಾಕಿದೆನೋ ಇಲ್ಲವೋ ಅಂತ ಮತ್ತೆ ಓಡಿದವಳು. ಬೇಲೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ನನ್ನದು. ಅಲ್ಲಿ ಯಾರಾದರೂ ‘ನಿಮ್ಮ ತಮ್ಮ ಏನ್ಮಾಡ್ತಾರೆ ಮೇಡಂ?’ ಅಂದರೆ ‘ತೋಟ ನೋಡ್ಕೊಂಡಿದ್ದಾನೆ’ ಅನ್ನುತ್ತಿದ್ದೆ. ನಮ್ಮ ತೋಟ ಅಂದರೆ ಬಸ್ತಿಹಳ್ಳಿ ರಸ್ತೆಯಲ್ಲಿರುವ ಮನೆಯ ಹಿತ್ತಲಿನ ಎರಡು ತೆಂಗಿನ ಮರ. ಅದರಲ್ಲಿ ಒಂದಕ್ಕೆ ನುಸಿ.

ಏಜೆಂಟರ ಹೆಸರು ಇಲ್ಲಿ ಬೇಡ. ಊರಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಖಾಸಗಿ ಬಸ್ಸುಗಳಿಗೆ ಜನ ಹತ್ತಿಸುವ ಏಜೆಂಟರು. ಬಸ್ಸು ಬಂದು ನಿಂತಾಗ ಅದು ಹೋಗುವ ಊರುಗಳನ್ನು ಕೂಗುವುದು, ತುಂಬಿದ ಮೇಲೆ ಬಸ್ಸಿನ ಮೈಗೆ ಅಂಗೈಯಲ್ಲಿ ಬಡಿದು ‘ರೈಟ್’ ಅನ್ನುವುದು, ಇಷ್ಟೇ ಕೆಲಸ. ಇಷ್ಟಕ್ಕೆ ಅವರು ಪಡುತ್ತಿದ್ದ ಜಂಬ ನೋಡಬೇಕಿತ್ತು! ಕುಳ್ಳು ದೇಹ, ಮುಂದೆ ಹೊಟ್ಟೆ, ಕೊರಳಿಗೆ ಟವೆಲ್, ಹಣೆಗೂ ಇಳಿಯುವಷ್ಟು ಕಪ್ಪು ಬಣ್ಣ ಬಳಿದ ತಲೆಗೂದಲು. ಎರಡು ಬಸ್ಸನ್ನು ಒಟ್ಟಿಗೇ ನೋಡುತ್ತಿದ್ದುದರಿಂದಲೋ ಏನೋ, ಅವರು ನೆಟ್ಟಗೆ ನಡೆದದ್ದನ್ನು ನಾನು ಕಾಣೆ, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದರು. ‘ನಾನ್ ಇಲ್ಲಿ ಕೂಗಿದ್ರೆ ನಮ್ ಮಾದಿಹಳ್ಳೀಲಿ ಹಸ ಕಿವಿ ನಿಮಿರಿಸ್ತದೆ’ ಅನ್ನುವುದು ಅವರ ಮಾತು. ಅವರ ಎಲ್ಲ ಮಾತಿನ ಹಾಗೆ ಇದೂ ಸುಳ್ಳು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರೂ ‘ಖಾಲಿ ಬಸ್ಸು, ಸೀಟೈತೆ ಬನ್ನಿ’ ಅನ್ನುವರು. ಡ್ರೈವರ್ ಊಟಕ್ಕೆ ಕೂತಿದ್ದರೂ ‘ಹೊಂಟೇಬಿಡ್ತು’ ಅನ್ನುವರು. ಹತ್ತಿದವರು ಬೈದರೆ ಒಂದೇ ಉತ್ತರ: ‘ಹೊಂದಿಸ್ಕೊಂಡು ಕೂತ್ಕೊಳ್ಳಿ ಸ್ವಾಮಿ, ಎಲ್ರೂ ಹೋಗ್ಬೇಕು.’ ಅವರ ಸುಳ್ಳು ನಂಬಿ ನಾನು ಬೇಲೂರಿನವರೆಗೆ ಒಂದೇ ಕಾಲಿನ ಮೇಲೆ ನಿಂತು ಹೋದ ದಿನಗಳುಂಟು. ಅವರನ್ನು ಇಷ್ಟಪಡಲು ನನಗೆ ಮೊದಲಿನಿಂದಲೂ ಕಾರಣ ಇರಲಿಲ್ಲ.

ಆನಂದ ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಿದ್ದ. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಕಿವಿಯಲ್ಲಿ ಮಾತಾಡುವವರಿಗೆ ತುಟಿಯಲ್ಲೇ ಉತ್ತರ ಕೊಡುತ್ತಾ ಕೂತವನನ್ನು ನೋಡಿ ಕಾಲೇಜು ಹುಡುಗರು ಮೊಬೈಲ್ ಹಿಡಿಯುವರು. ನಾನು ಬೆಳಿಗ್ಗೆ ಬಸ್ಸು ಹತ್ತುವಾಗ ಅವನ ಕಡೆ ನೋಡುತ್ತಲೂ ಇದ್ದೆ, ಅವನು ಯಾರೋ ಅನ್ನುವ ಹಾಗೂ ಇರುತ್ತಿದ್ದೆ. ಇದಕ್ಕೆ ಎಷ್ಟು ಅಭ್ಯಾಸ ಬೇಕು ಅಂತ ಮಾಡಿದವರಿಗೇ ಗೊತ್ತು.

ಜಾವಗಲ್ ಸಂತೆಯ ಒಂದು ದಿನ ಏಜೆಂಟರ ಗಂಟಲು ಕಟ್ಟಿತು. ಬಸ್ಸು ಬಂದು ನಿಂತಿದೆ, ಸಂತೆಯ ಜನ ಚೀಲ ಹಿಡಿದು ಅತ್ತಿಂದಿತ್ತ ಓಡುತ್ತಿದ್ದಾರೆ, ಇವರ ಬಾಯಿಂದ ಗಾಳಿ ಮಾತ್ರ ಬರುತ್ತಿದೆ. ಆಗ ಬೆಂಚಿನ ಕಡೆಯಿಂದ ಅವರದೇ ದನಿ ಬಂತು, ಅವರದೇ ಎಳೆತ: ‘ಜಾವಗಾಲ್ ಬಾಣಾವರ ಅರ್ಸೀಕೆರೇ...’ ಎಲ್ಲರೂ ತಿರುಗಿ ನೋಡಿದರೆ ಆನಂದ. ವರ್ಷಗಟ್ಟಲೆ ಅಲ್ಲೇ ಕೂತು ಕೇಳಿಸಿಕೊಂಡಿದ್ದನಲ್ಲ, ಅಕ್ಷರ ಬಿಡದೆ ಬಂದಿತ್ತು. ಕಿವಿಯವರನ್ನು ಮೀರಿಸಿ ಮಾತಾಡಿ ಅಭ್ಯಾಸವಾಗಿದ್ದರಿಂದ ಗಂಟಲೂ ದೊಡ್ಡದು.

ಏಜೆಂಟರು ಅಡ್ಡಡ್ಡ ನಡೆಯುತ್ತಾ ಬಂದು ಅವನ ಮುಂದೆ ನಿಂತರಂತೆ. ‘ಏನ್ಲಾ, ನನ್ ಗಂಟ್ಲು ಕದ್ದೋನು ನೀನೇನ್ಲಾ?’

ಆನಂದ ಹೆದರಿ ಎದ್ದು ನಿಂತ. ‘ನಾನು ಕದ್ದಿಲ್ಲ.’

‘ಕದ್ದಿಲ್ಲ ಅಂದ್ರೆ ಸಾಲಕ್ಕೆ ಕೊಡು. ಬೇಲೂರ್ ಬಸ್ ಬತ್ತಾ ಐತೆ, ಕೂಗು.’

ಕೂಗಿದ. ಗಂಟಲು ಸರಿಹೋದ ಮೇಲೂ ಏಜೆಂಟರು ಅವನನ್ನು ಬಿಡಲಿಲ್ಲ. ಅರಸೀಕೆರೆ ಕಡೆಯದು ಅವನಿಗೆ, ಬೇಲೂರು ಕಡೆಯದು ತಮಗೆ ಅಂತ ಪಾಲು ಮಾಡಿಕೊಂಡರು. ಆನಂದನಿಂದ ಒಂದೇ ತೊಂದರೆ: ಅವನಿಗೆ ಸುಳ್ಳು ಬರುತ್ತಿರಲಿಲ್ಲ. ‘ಅರ್ಸೀಕೆರೇ, ಸೀಟಿಲ್ಲ, ನಿಂತ್ಕೊಂಡು ಹೋಗ್ಬೇಕು’ ಅಂತ ಕೂಗುತ್ತಿದ್ದ. ಏಜೆಂಟರು ಹಣೆ ಹಣೆ ಬಡಿದುಕೊಂಡರು. ‘ಲೇ, ನಿನ್ನಂಥೋನು ಇನ್ನೊಬ್ಬ ಇದ್ರೆ ಬಸ್ ಓನರ್ರು ಎಮ್ಮೆ ಮೇಯಿಸ್ಕೊಂಡು ಬದುಕ್ಬೇಕು ಕಣ್ಲಾ!’

ಅವನು ಅಲ್ಲಿ ಕೂಗುವುದು ಗೊತ್ತಾದ ದಿನ ನಾನು ಮನೆಯಲ್ಲಿ ಊಟ ಬಿಟ್ಟೆ. ಮರ್ಯಾದೆ, ಜನ ಏನಂತಾರೆ ಅಂತೆಲ್ಲ ನಮ್ಮನೆಯವರ ಮುಂದೆ ದೊಡ್ಡ ಭಾಷಣ ಮಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ ‘ಅವನು ಖುಷಿಯಾಗಿದ್ದಾನಾ?’ ಅಂದರು. ಆ ಪ್ರಶ್ನೆಗೆ ಉತ್ತರ ಹೌದು ಎಂಬುದೇ ನನ್ನನ್ನು ಉರಿಸುತ್ತಿತ್ತು. ಅವನ ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಅಡಗಿಸಿ ಕೊಟ್ಟವಳು ನಾನು. ಅವನಿಗಾಗಿ ವರ್ಗಾವಣೆ ಬೇಡವೆಂದವಳು ನಾನು. ನನ್ನ ಎದುರು ಆ ಮುಖ ಇಷ್ಟು ವರ್ಷದಲ್ಲಿ ಹಾಗೆ ಅರಳಿರಲಿಲ್ಲ.

ಒಮ್ಮೆ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ, ಅವನಿಗೆ ಜೀವ ಅಂತ. ಎರಡು ತುತ್ತು ಉಂಡು ‘ಏಜೆಂಟ್ರ ಮನೇಲಿ ಬೆಳ್ಳುಳ್ಳಿ ಜಾಸ್ತಿ ಹಾಕ್ತಾರೆ’ ಅಂದ. ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ಬಸ್ಸಾರು ಆಗಲಿಲ್ಲ. ‘ಬಸ್ಸಿನೋರ ಮೇಲಿನ ಸಿಟ್ಟನ್ನ ಬಸ್ಸಾರಿನ ಮೇಲೆ ಯಾಕೆ ತೀರಿಸ್ಕೋತೀಯ ಮಾರಾಯ್ತಿ’ ಅಂತ ನಮ್ಮನೆಯವರು ಗೊಣಗಿದರು.

ಕಾಯಿಲೆಯ ಹೆಸರನ್ನು ಏಜೆಂಟರಿಗೆ ಆನಂದನೇ ಹೇಳಿದ್ದ; ಆದರೆ ಅದು ಕೊನೆಯವರೆಗೂ ಅವರ ನಾಲಿಗೆಗೆ ಬರಲಿಲ್ಲ. ‘ಅದೇನೋ ಟ್ರೇನಿಯಾ ಅಂತಲ್ಲ ಮೇಡಮ್ಮೋರೇ’ ಅನ್ನುವರು. ‘ನಾವು ಬಸ್ಸಿನೋರು. ಟ್ರೇನ್ ಅಂದ್ರೆ ನಮಗಾಗಲ್ಲ. ಅರ್ಸೀಕೆರೇಲೇ ಇಳಿಸ್ಬುಟ್ಟು ಬರಾಣ ಅದ್ನ.’ ಕಾಯಿಲೆ ಏನು, ಯಾಕೆ ಬರುತ್ತೆ ಅಂತ ನಾನು ಒಮ್ಮೆ ಕಷ್ಟಪಟ್ಟು ವಿವರಿಸಿದೆ. ಪೂರ್ತಿ ಕೇಳಿ ‘ಅಂದ್ರೆ ಸಕ್ಕರೆ ಕಾಯ್ಲೆ ಥರ, ಔಸ್ತಿ ಬಿಡಂಗಿಲ್ಲ, ಅಷ್ಟೇ ತಾನೇ’ ಅಂದರು. ನನ್ನ ಇಷ್ಟು ವರ್ಷದ ಓದನ್ನು ಹೀಗೆ ಒಂದು ಸಾಲಿನಲ್ಲಿ ಮುಗಿಸಿ ಬೀಡಿ ಹಚ್ಚಿದರು.

ಒಂದು ಸಂಜೆ ನಾನು ಬೇಲೂರಿನಿಂದ ಬಂದು ಇಳಿದಾಗ ಇಬ್ಬರೂ ಬೆಂಚಿನ ಮೇಲಿದ್ದರು. ನಿಂತಿದ್ದ ಬಸ್ಸಿನ ಮರೆಯಲ್ಲಿ ನಾನಿದ್ದುದು ಅವರಿಗೆ ಕಾಣಲಿಲ್ಲ.

‘ಇವತ್ತು ಎಷ್ಟ್ ಜನ ಅವ್ರೆ ಕಿವೀಲಿ?’ ಏಜೆಂಟರು ಕೇಳಿದರು, ಬಸ್ಸಿನಲ್ಲಿ ಎಷ್ಟು ಜನ ಅಂತ ಕಂಡಕ್ಟರನ್ನು ಕೇಳುವ ಹಾಗೆ.

‘ಮೂರು.’

‘ಏನಂತೆ ಅವರ್ದು?’

‘ಇಬ್ಬರು ಸುಮ್ನೆ ನಗ್ತಾರೆ. ಒಬ್ಬ ಇಂಗ್ಲಿಷಲ್ಲಿ ಬೈತಾನೆ.’

‘ಇಂಗ್ಲಿಷಲ್ಲಾ! ಅವನನ್ನ ಬೇಲೂರ್ ಬಸ್ಸಿಗೆ ಹತ್ಸು. ಅಲ್ಲಿ ದೇವಸ್ಥಾನ್ದಾಗೆ ಫಾರಿನ್ನೋರು ಇರ್ತಾರೆ, ಮಾತಾಡ್ಕೊಳ್ಲಿ.’

‘ಆ ಇಬ್ಬರು?’

‘ಅವ್ರಿಗೆ ಟಿಕೆಟ್ ಇಲ್ದೆ ಕೂರಂಗಿಲ್ಲ ಅನ್ನು.’

ಆನಂದ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಕಿವಿಯ ವಿಷಯವನ್ನು ಅವನು ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ. ಹೇಗೆ ಮಾತಾಡಿಯಾನು? ಶುರುಮಾಡಿದರೆ ಸಾಕು, ನಾನು ‘ಶ್! ಅದೆಲ್ಲ ಏನೂ ಇಲ್ಲ, ಮಾತ್ರೆ ತಗೊಂಡ್ಯಾ?’ ಅನ್ನುತ್ತಿದ್ದೆ. ಮೂರು ಜನ ಇದ್ದಾರೆ, ಒಬ್ಬನಿಗೆ ಇಂಗ್ಲಿಷ್ ಬರುತ್ತೆ ಅನ್ನುವುದು ಒಂದೇ ಸೂರಿನಡಿ ಇರುವ ನನಗೆ ಬಸ್ಸಿನ ಮರೆಯಲ್ಲಿ ನಿಂತು ಗೊತ್ತಾಗಬೇಕಾಯಿತು.

ಅವರು ಆನಂದನ ಪರವಾಗಿ ಮಾಡಿದ ಜಗಳಗಳೂ ಅವರ ಹಾಗೇ, ದೊಡ್ಡತನ ಕಡಿಮೆ, ಚೇಷ್ಟೆ ಜಾಸ್ತಿ. ಬಿಳಿ ಪಂಚೆಯ ಯಜಮಾನರೊಬ್ಬರು ‘ಏನ್ರೀ ಏಜೆಂಟ್ರೇ, ಮೆಂಟ್ಲನ್ನ ಇಟ್ಕೊಂಡು ಬಸ್ ನಡೆಸ್ತೀರಾ?’ ಅಂದರು. ಏಜೆಂಟರು ಕೈಮುಗಿದು ‘ಬನ್ನಿ ಯಜಮಾನ್ರೇ, ನಿಮಗೆ ಒಳ್ಳೇ ಸೀಟ್ ಮಡಗಿವ್ನಿ’ ಅಂತ ಒಳಗೆ ಕರೆದೊಯ್ದು, ಕೊನೆಯ ಸಾಲಿನಲ್ಲಿ, ಚಕ್ರದ ಮೇಲೆ, ಕೊಬ್ಬರಿ ಮೂಟೆಗೂ ಕೋಳಿ ಪಂಜರಕ್ಕೂ ನಡುವೆ ಕೂರಿಸಿದರು. ಆಮೇಲೆ ಅದೇ ನಿಲ್ದಾಣದ ಕಾನೂನಾಯಿತು. ‘ಮೆಂಟ್ಲು’ ಅಂದವರಿಗೆ ಹಿಂದಿನ ಸೀಟು. ಬಾಣಾವರದ ಗುಂಡಿಗಳು ಉಳಿದ ಬುದ್ಧಿ ಹೇಳುತ್ತಿದ್ದವು.

ಹೀಗೆಂದು ಅವರನ್ನು ಸಂತನನ್ನಾಗಿ ಮಾಡಲು ನಾನು ಸಿದ್ಧಳಿಲ್ಲ. ಶಾಲಾ ಪ್ರವಾಸಗಳ ಕಾಲ ಬಂತು. ದೇವಸ್ಥಾನದ ಮುಂದೆ ಬಸ್ಸಿನ ಹಿಂದೆ ಬಸ್ಸು, ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಆ ಹೊತ್ತಿಗೇ ಬೇಲೂರು ಆಸ್ಪತ್ರೆಯ ಕ್ಯಾಂಪ್ ಬಂತು. ತಿಂಗಳಿಗೊಮ್ಮೆ ಜಿಲ್ಲೆಯಿಂದ ಮನೋವೈದ್ಯರು ಬಂದು ನೋಡುವ ದಿನ. ಆನಂದನ ಇಂಜೆಕ್ಷನ್ ಅಂದೇ ಆಗಬೇಕು. ಅವತ್ತು ಏಜೆಂಟರು ‘ಇವತ್ತು ಬ್ಯಾಡ ಮೇಡಮ್ಮೋರೇ, ಕೈ ಬಿಡುವಿಲ್ಲ. ಮುಂದಿನ್ ಸಲ ಹೋಗ್ಲಿ. ಬಸ್ಸೇ ಲೇಟಾಗ್ತದೆ, ಸೂಜಿ ಲೇಟಾಗಲ್ವಾ?’ ಅಂದರು. ಆನಂದ ಅವರ ಹಿಂದೆ ಅಡಗಿ ನಿಂತ. ನಾನು ನಿಲ್ದಾಣದ ನಡುವೆ ನಿಂತು ಕೂಗಾಡಿದೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಎಲ್ಲರ ಎದುರು, ಎಲ್ಲ ಊರುಗಳಿಗೆ ಹೊರಟ ಜನರ ಎದುರು, ನಾನೇ ಕೂಗಿ ಹೇಳಿದೆ ಅನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು.

ಇಂಜೆಕ್ಷನ್ ತಪ್ಪಿದ ಕೆಲವೇ ದಿನಗಳಲ್ಲಿ ಆನಂದನ ನಿದ್ದೆ ಕೆಟ್ಟಿತು. ಆಮೇಲೆ ನಿಲ್ದಾಣದಲ್ಲಿ ಅವನು ಇಲ್ಲದ ಬಸ್ಸುಗಳನ್ನು ಕೂಗತೊಡಗಿದ. ಯಾರೂ ಕೇಳಿರದ ಊರುಗಳ ಹೆಸರು, ಅದೇ ಎಳೆತದಲ್ಲಿ. ಜನ ಮೊದಲು ನಕ್ಕರು. ಒಬ್ಬ ಅಜ್ಜಿ ಮಾತ್ರ ಅವನು ಕೂಗಿದ್ದು ಸುಳ್ಳಾಗದು ಎಂದು ನಂಬಿ ಗಂಟು ಕಟ್ಟಿಕೊಂಡು ಆ ಬಸ್ಸಿಗೆ ಕಾದು ಕೂತಳು. ಬಸ್ಸು ಬರಲಿಲ್ಲ. ತನ್ನ ಬಸ್ಸನ್ನು ಯಾರೋ ತಡೆದಿದ್ದಾರೆಂದು ಆನಂದ ರಸ್ತೆಗೆ ಇಳಿದು ಅಡ್ಡ ನಿಂತ. ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದ.

ಅವತ್ತು ಏಜೆಂಟರು ಮೊದಲ ಬಾರಿಗೆ ನಮ್ಮ ಮನೆಗೆ ಬಂದರು. ಆನಂದನ ಕೈ ಹಿಡಿದುಕೊಂಡೇ ಬಂದು, ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತರು. ‘ತಪ್ಪಾಯ್ತು ಮೇಡಮ್ಮೋರೇ. ನೀವ್ ಹೇಳಿದ್ದೇ ಸರಿ.’

ಆ ಮಾತನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಏಕೆಂದರೆ ಊರಲ್ಲಿ ಯಾರಿಗೂ ಅದು ನೆನಪಿಲ್ಲ. ಜನರಿಗೆ ನೆನಪಿರುವುದು ಆಮೇಲಿನದು: ಅವತ್ತೇ ಏಜೆಂಟರು ಬಸ್ಸುಗಳನ್ನೆಲ್ಲ ಬಿಟ್ಟು, ಆನಂದನನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಅವನು ಸುಧಾರಿಸುವವರೆಗೆ ಬೆಳಿಗ್ಗೆ ಸಂಜೆ ನಮ್ಮ ಜಗುಲಿಯಲ್ಲಿ ಬಂದು ಕೂತದ್ದು, ಮುಂದೆ ಒಂದು ಕ್ಯಾಂಪೂ ತಪ್ಪಿಸದೆ ತಾವೇ ಜೊತೆಗೆ ಹೋದದ್ದು. ಸರಿಯಾಗಿದ್ದವಳು ನಾನು, ಹೆಸರು ಬಂದದ್ದು ಅವರಿಗೆ.

‘ಇನ್ನು ನಾನೇ ಕರ್ಕೊಂಡು ಹೋಗ್ತೀನಿ’ ಅಂತ ನಾನು ಆನಂದನಿಗೆ ಹೇಳಿ ನೋಡಿದೆ.

‘ನೀನು ಬೇಡ ಅಕ್ಕ.’

‘ಯಾಕೋ?’

‘ನೀನು ಬಂದ್ರೆ ಡಾಕ್ಟ್ರು ನಿನ್ನ ಹತ್ರಾನೇ ಮಾತಾಡ್ತಾರೆ.’

‘ಏಜೆಂಟ್ರು ಬಂದ್ರೆ?’

‘ಅವ್ರು ಹೊರಗೆ ಬೆಂಚ್ ಮೇಲೆ ಮಲ್ಕೊಂಡ್ಬಿಡ್ತಾರೆ. ಡಾಕ್ಟ್ರು ನನ್ನನ್ನೇ ಕೇಳ್ಬೇಕಾಗುತ್ತೆ.’

ಅವನೊಂದಿಗೆ ಹೋದಾಗಲೆಲ್ಲ ನಾನು ನಿದ್ದೆ ಎಷ್ಟು, ಊಟ ಎಷ್ಟು, ಸಿಟ್ಟು ಎಷ್ಟು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ ಡಾಕ್ಟರಿಗೆ ಒಪ್ಪಿಸುತ್ತಿದ್ದೆ. ‘ಇಂಥ ಅಕ್ಕ ಇರೋದು ನಿಮ್ಮ ಪುಣ್ಯ ಆನಂದ್’ ಅಂತ ಡಾಕ್ಟರು ಒಮ್ಮೆ ಹೇಳಿದ್ದರು. ನನ್ನ ಸೇವಾ ಅವಧಿಯಲ್ಲಿ ನನಗೆ ಸಿಕ್ಕ ಒಂದೇ ಒಂದು ಪ್ರಶಸ್ತಿ ಅದು. ಗೊರಕೆ ಹೊಡೆದ ಮನುಷ್ಯನೊಬ್ಬ ನನ್ನನ್ನು ಆ ಕೋಣೆಯಿಂದ ಹೊರಗೆ ಹಾಕಿದ.

ಹೋದ ವರ್ಷ ಏಜೆಂಟರ ಗಂಟಲು ಮತ್ತೆ ಕಟ್ಟಿತು. ಈ ಸಲ ಬಿಡಲಿಲ್ಲ. ಬೀಡಿಯೂ ಎಲೆ ಅಡಿಕೆಯೂ ಸೇರಿ ತಂದ ರೋಗ. ಆಪರೇಷನ್ ಆಗಿ ಬಂದ ಮೇಲೆ ದನಿ ಪೂರ್ತಿ ಹೋಯಿತು. ಆದರೂ ಕೊರಳಿಗೆ ಟವೆಲ್ ಸುತ್ತಿಕೊಂಡು ನಿಲ್ದಾಣಕ್ಕೆ ಬರುವರು. ಬೆಂಚಿನ ಮೇಲೆ ಕೂತು ಬೆರಳು ಎತ್ತುವರು, ಆನಂದ ಕೂಗುವನು. ಬೇಲೂರಿನ ಪಾಲೂ ಅವನಿಗೇ ಬಂದಿತ್ತು. ಅವನು ಸೀಟಿಲ್ಲ ಅಂತ ಕೂಗಿದಾಗ ಮಾತ್ರ ಏಜೆಂಟರು ಎರಡೂ ಕೈ ಬೀಸಿ ‘ಐತೆ, ಐತೆ’ ಅಂತ ಸನ್ನೆ ಮಾಡುವರು. ದನಿ ಹೋದರೂ ಸುಳ್ಳು ಹೋಗಿರಲಿಲ್ಲ.

ಒಂದು ದಿನ ಬಸ್ಸಿಗೆ ಕಾಯುತ್ತಾ ಅವರ ಪಕ್ಕ ಕೂತಿದ್ದೆ. ಆನಂದ ಆಚೆ ಕಡೆ ಕೂಗುತ್ತಿದ್ದ. ಏಜೆಂಟರು ಅವನನ್ನು ತೋರಿಸಿದರು, ಆಮೇಲೆ ನನ್ನನ್ನು ತೋರಿಸಿದರು, ಆಮೇಲೆ ತಮ್ಮ ಎರಡೂ ಕೈಗಳಿಂದ ಏನನ್ನೋ ಎತ್ತಿ ನನ್ನ ಮಡಿಲಿಗೆ ಇಡುವ ಹಾಗೆ ಮಾಡಿದರು. ಇನ್ನು ನಿಮ್ಮದು ಅಂತ. ನನಗೆ ರೇಗಿಹೋಯಿತು. ‘ಮೊದ್ಲಿಂದಲೂ ನನ್ನೋನೇ ಅವನು’ ಅಂದೆ. ಅವರು ಹೆಗಲು ಕುಣಿಸಿ ನಕ್ಕರು, ದನಿಯಿಲ್ಲದ ನಗು. ಅದೇ ನಾನು ಅವರೊಂದಿಗೆ ಆಡಿದ ಕೊನೆಯ ಮಾತು. ಇನ್ನೂ ಚೆನ್ನಾಗಿರುವುದೇನಾದರೂ ಆಡಬಹುದಿತ್ತು, ಆದರೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಮಾದಿಹಳ್ಳಿಯಲ್ಲಿ ಮಣ್ಣು ಮಾಡಿದರು. ಬಂದವರೆಲ್ಲ ಆನಂದನ ಬೆನ್ನು ತಡವಿ ಹೋದರು, ಮನೆಯ ಮಗನಿಗೆ ಮಾಡುವ ಹಾಗೆ. ನಾನು ಹೆಣದ ಕಡೆ ಒಂದು ಸಲವೂ ಸರಿಯಾಗಿ ನೋಡಲಿಲ್ಲ; ಆನಂದನ ತುಟಿಗಳನ್ನೇ ನೋಡುತ್ತಿದ್ದೆ, ಅಲುಗುತ್ತಿವೆಯೋ ಅಂತ. ಈಗ ಬೀಳುತ್ತಾನೆ, ನಾಳೆ ಬೀಳುತ್ತಾನೆ, ಇಂಜೆಕ್ಷನ್ ಬೇಡ ಅನ್ನುತ್ತಾನೆ, ಮತ್ತೆ ಇಲ್ಲದ ಬಸ್ಸು ಕೂಗುತ್ತಾನೆ. ಒಳಗೊಳಗೇ ಇನ್ನೊಂದೂ ಇತ್ತು, ಹೇಳಿಬಿಡುತ್ತೇನೆ: ಇನ್ನಾದರೂ ಅವನಿಗೆ ನಾನು ಬೇಕಾಗುತ್ತೇನೆ.

ತಿಥಿ ಕಳೆದ ಮೇಲೆ ಬಂದ ಕ್ಯಾಂಪಿಗೆ ನಾನು ರಜೆ ಹಾಕಿದೆ. ಹಳೆಯ ಚೀಟಿಗಳು, ನೀರಿನ ಬಾಟಲಿ, ಕೊಡೆ, ಬಾಳೆಹಣ್ಣು, ಅವನಿಗೊಂದು ಜೊತೆ ಬಟ್ಟೆ ಎಲ್ಲ ತುಂಬಿಕೊಂಡು ನಿಲ್ದಾಣಕ್ಕೆ ಹೋದೆ. ಅವನು ಬರಲ್ಲ ಅಂದರೆ ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಆನಂದ ಬೇಲೂರು ಬಸ್ಸಿನ ಮುಂದೆ ನಿಂತಿದ್ದ. ‘ಎಲ್ಲಿಗಕ್ಕ?’

‘ಬೇಲೂರಿಗೆ. ಇವತ್ತು ಕ್ಯಾಂಪ್ ಅಲ್ವಾ?’

‘ಹೌದು, ಹೊರಟಿದ್ದೀನಿ. ಕೂಗೋಕೆ ಕಂಡಕ್ಟರ್‌ಗೆ ಹೇಳಿದ್ದೀನಿ. ನಿಂಗೆ ಆಫೀಸಿಲ್ವಾ?’

‘ರಜಾ ಹಾಕಿದ್ದೀನಿ.’

ಎಲ್ಲಿ ಇಳಿಯಬೇಕೆಂದು ಗೊತ್ತಿಲ್ಲದ ಪ್ರಯಾಣಿಕರನ್ನು ನೋಡುವ ಹಾಗೆ ನನ್ನನ್ನೂ ನನ್ನ ಚೀಲವನ್ನೂ ನೋಡಿದ. ‘ಸರಿ, ಹತ್ತು. ಕಿಟಕಿ ಹತ್ರ ಕೂತ್ಕೋ.’

ಬಸ್ಸು ಹೊರಟಿತು. ನಾನು ಅವನ ತುಟಿ ನೋಡುತ್ತಿದ್ದೆ.

‘ನನ್ ಬಾಯಿ ನೋಡ್ಬೇಡ ಅಕ್ಕ. ಹೊರಗೆ ನೋಡು, ಜೋಳ ಚೆನ್ನಾಗಿ ಬಂದಿದೆ.’

ಜೋಳ ನೋಡಿದೆ. ಎಷ್ಟು ಹೊತ್ತು ನೋಡುವುದು? ಕೊನೆಗೆ ಕೇಳಿಯೇಬಿಟ್ಟೆ. ‘ಅವರು... ಮಾತಾಡ್ತಿದ್ದಾರಾ?’

‘ಯಾರು?’

‘ಅವರೇ ಕಣೋ. ಕಿವಿಯೋರು.’

ಅವನು ನನ್ನ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ನಾನು ಇದನ್ನು ಕೇಳಿದ್ದು ಇದೇ ಮೊದಲು ಎಂಬುದು ಅವನಿಗೂ ಗೊತ್ತಿತ್ತು. ‘ಒಬ್ಬ ಇದ್ದಾನೆ,’ ಅಂದ. ‘ಏಜೆಂಟ್ರು ಸತ್ತಿದ್ದು ನನ್ನಿಂದ ಅಂತಾನೆ. ಅವರ ಗಂಟ್ಲು ನಾನು ಕದ್ದೆ ಅಂತೆ. ನಿನ್ನೆಯಿಂದ ಅದನ್ನೇ ಹೇಳ್ತಿದ್ದಾನೆ. ಡಾಕ್ಟ್ರಿಗೆ ಹೇಳಿ ನೋಡ್ಬೇಕು.’

‘ಹಾಗೆಲ್ಲ ಇಲ್ಲ ಕಣೋ’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಾಗೆಲ್ಲ ಇಲ್ಲ ಅನ್ನುವುದು ಅವನಿಗೇ ಗೊತ್ತಿತ್ತು; ಗೊತ್ತಿದ್ದೇ ಬಸ್ಸು ಹತ್ತಿದ್ದ. ಚೀಲ ಎದೆಗವಚಿಕೊಂಡು ಕೂತೆ. ಇಳಿಯುವಾಗ ಅವನೇ ನನ್ನ ಕೈಯಿಂದ ಚೀಲ ತೆಗೆದುಕೊಂಡ.

ಆಸ್ಪತ್ರೆಯಲ್ಲಿ, ನಾನು ಬರುವುದು ನಿಂತ ಮೇಲೆ ಸೇರಿದ ನರ್ಸಮ್ಮ ಅವನನ್ನು ಗುರುತು ಹಿಡಿದರು. ‘ಬನ್ನಿ ಆನಂದ್. ಎಲ್ಲಿ, ನಿಮ್ಮ ಅಣ್ಣ ಬರ್ಲಿಲ್ವಾ ಇವತ್ತು?’

ಅಣ್ಣ! ಅವನಿಗೆ ಒಡಹುಟ್ಟಿದವಳು ಅಂತ ಇರುವುದು ನಾನೊಬ್ಬಳು. ಹೇಳಲು ಬಾಯಿ ತೆರೆದೆ.

‘ತೀರ್ಕೊಂಡ್ರು’ ಅಂದ ಆನಂದ. ಅಣ್ಣ ಅಂದದ್ದನ್ನು ತಿದ್ದಲಿಲ್ಲ.

ನರ್ಸಮ್ಮ ಬಹಳ ಹೊತ್ತು ಅಯ್ಯೋ ಅಂದರು. ಆಮೇಲೆ ನನ್ನನ್ನು ನೋಡಿದರು, ಬೆವತ ಮುಖ, ಹಿಸುಕಿ ಹಿಸುಕಿ ಮುದ್ದೆಯಾದ ಕರ್ಚೀಫು. ‘ಇವರು ಯಾರು?’

‘ನಮ್ಮಕ್ಕ,’ ಅಂದ ಆನಂದ. ‘ಅವರಿಗೆ ಸ್ವಲ್ಪ ಭಯ ಜಾಸ್ತಿ. ಮನೇಲಿ ಒಬ್ರನ್ನೇ ಬಿಡೋಕೆ ಮನಸ್ಸಾಗ್ಲಿಲ್ಲ, ಕರ್ಕೊಂಡು ಬಂದೆ.’

ಆಮೇಲೆ ಡಾಕ್ಟರ ಕೋಣೆಗೆ ಒಬ್ಬನೇ ಹೋಗಿ ಬಾಗಿಲು ಹಾಕಿಕೊಂಡ. ನರ್ಸಮ್ಮ ನನ್ನ ಹತ್ತಿರ ಬಂದು, ತೋಳಿನ ಮೇಲೆ ಮೆಲ್ಲಗೆ ಕೈಯಿಟ್ಟು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: ‘ಕೂತ್ಕೊಳ್ಳಮ್ಮ. ಏನೂ ಆಗಲ್ಲ. ಈಗ ಬರ್ತಾರೆ ನಿಮ್ಮ ತಮ್ಮ.’

ನಾನು ಕೂತೆ.